ಬೇಸಿಗೆಯ ಧಗೆಯಲ್ಲಿ ಮನೆ ಮತ್ತು ಹಿತ್ತಿಲುಗಳ ಸಂರಕ್ಷಣೆ

ಹುಬ್ಬಳ್ಳಿ–ಧಾರವಾಡ ಸೀಮೆಯ ಹವೆಯು ತಂಪಾದುದೆಂದು ಬಹುಕಾಲದಿಂದ ಹೆಸರಾಗಿದೆ. ಧಾರವಾಡವು ಸಮುದ್ರಮಟ್ಟದಿಂದ ೭೦೦ ಮೀಟರುಗಳಿಗೂ ಎತ್ತರದಲ್ಲಿರುವುದು. ಅದರ ಪಶ್ಚಿಮಕ್ಕೆ ಕಲಘಟಗಿ, ಅಳ್ನಾವರಗಳ ಕಡೆಯಲ್ಲಿ ಮಲೆನಾಡಿನ ಸೆರಗೂ, ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿಗಳ ಕಡೆಯಲ್ಲಿ ಬೆಳವಲದ ಎರೆಭೂಮಿಯೂ ಹಬ್ಬಿರುವುವು. ಏಪ್ರಿಲ್ ತಿಂಗಳಲ್ಲಿ ಹಗಲಿನ ಉಷ್ಣತೆಯು ಸಾಧಾರಣವಾಗಿ ೩೬–೩೭ ಡಿಗ್ರಿ ಸೆಲ್ಸಿಯಸಿಗೆ ಏರಿದರೂ, ಸಂಜೆಗೆ ಪಡುವಣ ಗಾಳಿಯು ಬೀಸಿ, ರಾತ್ರಿಯ ಹೊತ್ತಿಗೆ ೨೦ ಡಿಗ್ರಿಗಳ ಆಸುಪಾಸಿಗೆ ಇಳಿಯುವುದು ವಾಡಿಕೆ. ಈ ಭರವಸೆಯಿಂದಲೇ ಇಲ್ಲಿಯ ಜನರು ಕಲಬುರಗಿ, ರಾಯಚೂರು ಸೀಮೆಗಳವರಂತೆ ಬೇಸಿಗೆಗೆ ಮುಂಚಿತವಾಗಿ ಸಿದ್ಧತೆ ಮಾಡಿಕೊಳ್ಳುವುದಿಲ್ಲ. ಧಗೆಯು ವಾಡಿಕೆಯನ್ನು ಮೀರಿದ ವರ್ಷದಲ್ಲಿ ಮನುಷ್ಯರಿಗೂ ದನಕರುಗಳಿಗೂ ಗಿಡಮರಗಳಿಗೂ ಹಾನಿಯು ಹೆಚ್ಚುವುದಕ್ಕೆ ಈ ಅಲಕ್ಷ್ಯವೇ ಒಂದು ಮುಖ್ಯ ಕಾರಣವು.

ಬಯಲು ಸೀಮೆಯ ಊರಿನಲ್ಲಿ ಉಷ್ಣತೆಯು ೪೦ ಡಿಗ್ರಿಯನ್ನು ಮುಟ್ಟಿ, ಆ ಊರಿನ ವಾಡಿಕೆಗಿಂತ ೪.೫ ಡಿಗ್ರಿಯಷ್ಟಾದರೂ ಹೆಚ್ಚಾದರೆ ಭಾರತದ ಹವಾಮಾನ ಇಲಾಖೆಯು ಅದನ್ನು ಉಷ್ಣ ಅಲೆ ಎಂದು ಗಣಿಸುತ್ತದೆ. ಇದರಿಂದ ಪ್ರಾಣಕ್ಕೆ ಎಷ್ಟು ಅಪಾಯವಿದೆ ಎಂಬುದಕ್ಕೆ ಗುಜರಾತಿನ ಅಹಮದಾಬಾದು ನಗರದ ದೃಷ್ಟಾಂತವೇ ಸಾಕು. ೨೦೧೦ನೆಯ ಇಸವಿಯ ಮೇ ತಿಂಗಳಲ್ಲಿ ಅಲ್ಲಿ ಉಷ್ಣತೆಯು ೪೬.೮ ಡಿಗ್ರಿಗೆ ಏರಿತು. ಆ ಒಂದೇ ತಿಂಗಳಲ್ಲಿ ವಾಡಿಕೆಗಿಂತ ೧,೩೪೪ ಮರಣಗಳು ಹೆಚ್ಚಾಗಿ ಸಂಭವಿಸಿದುವೆಂದು ಲೆಕ್ಕಹಾಕಲಾಗಿದೆ. ಬಳಿಕ ೨೦೧೩ರಲ್ಲಿ ಆ ನಗರವು ಮುನ್ನೆಚ್ಚರಿಕೆ, ನೀರಿನ ಏರ್ಪಾಡು, ಆಸ್ಪತ್ರೆಗಳ ಸಿದ್ಧತೆ ಇವುಗಳನ್ನೊಳಗೊಂಡ ಯೋಜನೆಯೊಂದನ್ನು ಜಾರಿಗೆ ತಂದಿತು. ಧಗೆಯನ್ನು ತಡೆಯುವುದು ಮನುಷ್ಯನ ಕೈಯಲ್ಲಿಲ್ಲವಾದರೂ ಅದರಿಂದಾಗುವ ಮರಣಗಳನ್ನು ಬಹುಮಟ್ಟಿಗೆ ತಡೆಯಬಹುದೆಂಬುದು ಇದರಿಂದ ತಿಳಿಯತಕ್ಕ ಪಾಠವು.

ಮುಖ್ಯ ತತ್ತ್ವ

ಸುಗ್ಗಿಯಲ್ಲಿ ಬಂದ ಜೋಳವನ್ನು ಹಗೇವಿನಲ್ಲಿ ತುಂಬಿ, ಬಾಯಿ ಮುಚ್ಚಿ, ಬೇಕಾದಾಗ ತೆಗೆದು ಉಣ್ಣುವ ಪದ್ಧತಿಯು ಈ ಸೀಮೆಯ ರೈತರಿಗೆ ತಿಳಿದುದೇ ಆಗಿದೆ. ಧಗೆಯ ಕಾಲದಲ್ಲಿ ರಾತ್ರಿಯ ತಂಪನ್ನೂ ಹಾಗೆಯೇ ಕೂಡಿಡಬೇಕು. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ದೊರೆಯುವ ತಂಪನ್ನು ಗೋಡೆ, ನೆಲ, ಮಣ್ಣು ಮತ್ತು ದೇಹಗಳಲ್ಲಿ ತುಂಬಿಕೊಳ್ಳತಕ್ಕದ್ದು. ಹಗಲಿನಲ್ಲಿ ಅದು ಸೋರಿಹೋಗದಂತೆ ನೆರಳಿನಿಂದಲೂ ಹೊದಿಕೆಯಿಂದಲೂ ಕಾಯತಕ್ಕದ್ದು. ಮುಂದೆ ಹೇಳಿರುವ ಕ್ರಮಗಳೆಲ್ಲವೂ ಇದೊಂದೇ ತತ್ತ್ವವನ್ನು ಅನುಸರಿಸಿದುವು. ಇವುಗಳಿಗೆ ಹೆಚ್ಚು ಹಣವಾಗಲಿ ಹೆಚ್ಚು ನೀರಾಗಲಿ ಬೇಕಿಲ್ಲ. ಹೊತ್ತನ್ನು ಅರಿತು ನಡೆಯುವುದೊಂದೇ ಬೇಕಾದುದು.

೧. ಮನೆ

ಬೆಳವಲದ ಹಳೆಯ ಮನೆಗಳ ದಪ್ಪ ಗೋಡೆಯೂ ಮಣ್ಣಿನ ಮೇಲ್ಮುದ್ದೆಯೂ ಬಿಸಿಲಿನ ಶಾಖವನ್ನು ಬಹಳ ನಿಧಾನವಾಗಿ ಒಳಕ್ಕೆ ಬಿಡುತ್ತವೆ. ಶಾಖವು ಒಳಗೆ ಮುಟ್ಟುವಷ್ಟರಲ್ಲಿ ಹೊರಗೆ ಸಂಜೆಯಾಗಿರುತ್ತದೆ. ತಗಡಿನ ಮಾಡಾದರೋ ಕೆಲವೇ ನಿಮಿಷಗಳಲ್ಲಿ ಕಾದು ಕೆಳಗಿದ್ದವರ ತಲೆಯ ಮೇಲೆ ಶಾಖವನ್ನು ಸುರಿಸುವುದು. ಕಾಂಕ್ರೀಟಿನ ಮಾಳಿಗೆಯು ಹಗಲೆಲ್ಲ ಶಾಖವನ್ನು ಹೀರಿ, ಜನರು ಮಲಗುವ ಹೊತ್ತಿಗೆ ಹೊರಚೆಲ್ಲುವುದು. ಆದುದರಿಂದ ಹೊಸ ಮಾದರಿಯ ಮನೆಗಳಲ್ಲಿರುವವರು ಹೆಚ್ಚು ಎಚ್ಚರವಹಿಸುವುದು ಅವಶ್ಯಕವು.

(ಅ) ಮಾರ್ಚ್ ತಿಂಗಳು ಮುಗಿಯುವುದರೊಳಗೆ ಮಾಳಿಗೆಗೆ ಅಥವಾ ತಗಡಿಗೆ ಬಿಳಿಯ ಸುಣ್ಣವನ್ನು ಎರಡು ಸಾರಿ ಬಳಿಯತಕ್ಕದ್ದು. ಬಿಳುಪು ಬಿಸಿಲನ್ನು ಹಿಂದಕ್ಕೆ ತಳ್ಳುವುದರಿಂದ ಒಳಗಿನ ಉಷ್ಣತೆಯು ಕೆಲವು ಡಿಗ್ರಿ ತಗ್ಗುವುದು.

(ಆ) ಬೆಳಗಿನ ಒಂಬತ್ತು ಗಂಟೆಯ ಸುಮಾರಿಗೆ, ಹೊರಗಿನ ಗಾಳಿಯು ಒಳಗಿನದಕ್ಕಿಂತ ಬಿಸಿಯಾದ ಕೂಡಲೇ, ಬಿಸಿಲು ಬೀಳುವ ಕಡೆಯ ಕಿಟಕಿಬಾಗಿಲುಗಳನ್ನು ಮುಚ್ಚಬೇಕು. ಸಂಜೆ ಹೊರಗೆ ತಂಪಾದ ಮೇಲೆ ಪಡುವಣ ಮತ್ತು ಮೂಡಣ ದಿಕ್ಕಿನ ಕಿಟಕಿಗಳನ್ನೂ ಮಾಡಿನ ಬೆಳಕಿಂಡಿಯನ್ನೂ ತೆರೆದಿಟ್ಟರೆ ರಾತ್ರಿಯ ಗಾಳಿಯು ಹಾದುಹೋಗಿ ಗೋಡೆಗಳು ತಣಿಯುವುವು. ಹಗಲೆಲ್ಲ ತೆರೆದಿಟ್ಟು ರಾತ್ರಿ ಭದ್ರವಾಗಿ ಮುಚ್ಚುವುದು ಹಗೇವಿನಿಂದ ಕಾಳನ್ನು ಚೆಲ್ಲಿ ಹೊಟ್ಟನ್ನು ತುಂಬಿದಂತೆಯೇ ಸರಿ.

(ಇ) ಕಿಟಕಿಯ ಒಳಗೆ ಪರದೆ ಕಟ್ಟುವುದಕ್ಕಿಂತ ಹೊರಗೆ ತಟ್ಟಿ ಕಟ್ಟುವುದು ಮೇಲು. ಪಡುವಣ ಗೋಡೆಗೆ ಚಪ್ಪರವನ್ನು ಹಾಕಿ ತೊಂಡೆ, ಹೀರೆ ಮುಂತಾದ ಬಳ್ಳಿಗಳನ್ನು ಹಬ್ಬಿಸಿದರೆ ನೆರಳೂ ಕಾಯಿಪಲ್ಯವೂ ದೊರೆಯುವುವು.

(ಈ) ನೀರು ಆವಿಯಾಗುವಾಗ ಸುತ್ತಲಿನ ಶಾಖವನ್ನು ಸೆಳೆದುಕೊಳ್ಳುವುದು. ಒಂದು ಕೊಡ ತಣ್ಣೀರನ್ನು ಕುದಿಯುವವರೆಗೆ ಕಾಯಿಸಲು ಬೇಕಾದುದರ ಏಳೆಂಟು ಪಾಲು ಶಾಖವು ಅಷ್ಟೇ ನೀರು ಆವಿಯಾಗುವುದಕ್ಕೆ ವೆಚ್ಚವಾಗುವುದು. ಮಣ್ಣಿನ ಹರವಿಯ ನೀರು ತಂಪಾಗಿರುವುದೂ, ಲಾವಂಚದ ಒದ್ದೆ ತಟ್ಟಿಯ ಗಾಳಿಯು ಹಿತವಾಗಿರುವುದೂ ಇದರಿಂದಲೇ. ಆದರೆ ಗಾಳಿಯು ಒಣಗಿದ್ದಾಗ ಮಾತ್ರ ಇದು ಫಲಿಸುವುದು. ಮಳೆಗೆ ಮುಂಚಿನ ಇಬ್ಬಂದಿ ಸೆಕೆಯಲ್ಲಿ ಒದ್ದೆ ತಟ್ಟಿಯಿಂದ ಪ್ರಯೋಜನವು ಕಡಮೆ.

೨. ಹಿತ್ತಿಲು ಮತ್ತು ತೋಟ

ಮಧ್ಯಾಹ್ನದಲ್ಲಿ ಎಲೆಗಳು ಬಾಡಿ ಜೋತುಬೀಳುವುದನ್ನು ಕಂಡು ಅನೇಕರು ಆ ಹೊತ್ತಿನಲ್ಲಿಯೇ ನೀರು ಹಾಕುವರು. ಇದು ಸರಿಯಲ್ಲ. ಬೇರು ಕೊಡುವುದಕ್ಕಿಂತ ವೇಗವಾಗಿ ಎಲೆಯಿಂದ ನೀರು ಆವಿಯಾಗುವಾಗ, ಮಣ್ಣಿನಲ್ಲಿ ಹಸಿಯಿದ್ದರೂ ಗಿಡವು ಬಾಡುವುದುಂಟು. ಸಂಜೆಗೆ ಎಲೆಗಳು ತಾವಾಗಿ ಚೇತರಿಸಿಕೊಂಡರೆ ನೀರಿನ ಅವಶ್ಯಕತೆಯಿಲ್ಲ. ನಸುಕಿನಲ್ಲಿಯೂ ಬಾಡಿಯೇ ಇದ್ದರೆ ಮಾತ್ರ ತಡಮಾಡದೆ ನೀರು ಕೊಡತಕ್ಕದ್ದು. ಮಣ್ಣನ್ನು ಮೂರು ಅಂಗುಲ ಕೆದಕಿ ನೋಡಿದರೆ ಸಂಶಯವು ಪರಿಹಾರವಾಗುವುದು.

ನೀರು ಕೊಡಲು ಸೂರ್ಯೋದಯಕ್ಕೆ ಮುಂಚಿನ ಹೊತ್ತು ಉತ್ತಮವು. ರಾತ್ರಿ ತಣಿದ ಮಣ್ಣಿನಲ್ಲಿ ನೀರು ಆವಿಯಾಗದೆ ಬೇರಿನವರೆಗೆ ಇಳಿಯುವುದು. ದಿನವೂ ಮೇಲ್ಮಣ್ಣು ತೊಯ್ಯುವಷ್ಟು ಚಿಮುಕಿಸುವುದಕ್ಕಿಂತ ಮೂರು ನಾಲ್ಕು ದಿನಗಳಿಗೊಮ್ಮೆ ಆಳಕ್ಕೆ ಇಳಿಯುವಂತೆ ಕೊಡುವುದು ಲೇಸು. ಮೇಲೆ ಮೇಲೆ ನೀರುಂಡ ಗಿಡದ ಬೇರು ಮೇಲಕ್ಕೇ ಹಬ್ಬಿ ಬಿಸಿಲಿಗೆ ಬೇಯುವುದು.

ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುವುದು ಸರ್ವರಿಗೂ ತಿಳಿದ ಸಂಗತಿ. ಆ ಬಿರುಕುಗಳ ಮೂಲಕ ಆಳದ ಹಸಿಯೂ ಆರಿಹೋಗುವುದಲ್ಲದೆ, ಕೊಟ್ಟ ನೀರು ಬೇರನ್ನು ಮುಟ್ಟದೆ ಕೆಳಕ್ಕೆ ಜಾರುವುದು. ಆದಕಾರಣ ಎಡೆಕುಂಟೆಯಿಂದಲೋ ಕುರ್ಚಿಗೆಯಿಂದಲೋ ಮೇಲ್ಮಣ್ಣನ್ನು ಸಡಿಲಿಸಿ ಬಿರುಕುಗಳನ್ನು ಮುಚ್ಚಬೇಕು. ಅದರ ಮೇಲೆ ಒಣ ಎಲೆ, ಶೇಂಗಾದ ಹೊಟ್ಟು, ಕಬ್ಬಿನ ರವದಿ ಇವುಗಳಲ್ಲಿ ದೊರೆತುದನ್ನು ಮೂರು ನಾಲ್ಕು ಅಂಗುಲ ದಪ್ಪಕ್ಕೆ ಹರಡುವುದು ಬಹಳ ಪ್ರಯೋಜನಕರವು. ಗೆದ್ದಲು ಹತ್ತದಂತೆ ಬೊಡ್ಡೆಯಿಂದ ನಾಲ್ಕು ಬೆರಳು ದೂರ ಬಿಡತಕ್ಕದ್ದು.

ನೀರಿನ ಅಭಾವವಿರುವಲ್ಲಿ ಮಣ್ಣಿನ ಗಡಿಗೆಯ ಪದ್ಧತಿಯು ಅನುಕೂಲವಾದುದು. ಬಣ್ಣವನ್ನಾಗಲಿ ಮೆರುಗನ್ನಾಗಲಿ ಕೊಡದ ಗಡಿಗೆಯನ್ನು ಗಿಡದ ಬದಿಯಲ್ಲಿ ಕೊರಳಿನವರೆಗೆ ಹೂಳಿ, ನೀರು ತುಂಬಿ, ಬಾಯಿ ಮುಚ್ಚಿದರೆ, ಮಣ್ಣು ಒಣಗಿದಂತೆಲ್ಲ ನೀರು ತಾನಾಗಿ ಒಸರುವುದು. ಚೀನಾ ದೇಶದಲ್ಲಿ ಸುಮಾರು ೨,೦೦೦ ವರ್ಷಗಳ ಹಿಂದಿನ ಬೇಸಾಯ ಗ್ರಂಥದಲ್ಲಿಯೇ ಈ ಪದ್ಧತಿಯ ವರ್ಣನೆಯಿರುವುದು. ಬಚ್ಚಲ ನೀರನ್ನು ಬಾಳೆ, ತೆಂಗುಗಳಿಗೆ ತಿರುಗಿಸಬಹುದು. ಸೊಪ್ಪಿನ ಮಡಿಗಳಿಗೆ ಹಾಯಿಸಕೂಡದು.

ಧಾರವಾಡದ ಆಪೂಸ್ ಮಾವಿನ ತೋಟಗಾರರು ಗಮನಿಸಬೇಕಾದ ವಿಷಯವೊಂದುಂಟು. ಕಾಯಿ ಬಲಿಯುವ ಕಾಲದಲ್ಲಿ ಬಹುದಿನ ಒಣಗಿಸಿ ಒಮ್ಮೆಗೆ ಹೆಚ್ಚು ನೀರು ಹಾಯಿಸಿದರೆ ಕಾಯಿಗಳು ಉದುರುವ ಮತ್ತು ಸೀಳುವ ಸಂಭವವಿದೆ. ಎಳೆಯ ಸಸಿಗಳ ಬೊಡ್ಡೆಗೆ ಸುಣ್ಣ ಬಳಿದು, ನೈಋತ್ಯ ದಿಕ್ಕಿಗೆ ತಟ್ಟಿಯ ಮರೆ ಕಟ್ಟಿದರೆ ತೊಗಟೆಯು ಸುಡುವುದಿಲ್ಲ. ಹಗಲು ೩೫ ಡಿಗ್ರಿ ಮೀರಿ ರಾತ್ರಿಯೂ ಸೆಕೆಯಾಗಿದ್ದರೆ ಟೊಮೆಟೊ ಗಿಡವು ಹೂ ಉದುರಿಸುವುದು ಸಹಜವು. ಅದನ್ನು ರೋಗವೆಂದು ಭ್ರಮಿಸಿ ಗೊಬ್ಬರವನ್ನೂ ಔಷಧವನ್ನೂ ಹಾಕುವುದು ವ್ಯರ್ಥ ವೆಚ್ಚವು. ಧಗೆ ಇಳಿಯುವವರೆಗೆ ಯಾವ ಗಿಡವನ್ನೂ ಸವರಕೂಡದು.

೩. ದನಕರುಗಳು

ಎತ್ತುಗಳಿಂದ ಬೆಳಗಿನ ಹತ್ತು ಗಂಟೆಯ ಬಳಿಕ ಕೆಲಸ ತೆಗೆಯಕೂಡದು. ಎಮ್ಮೆಗೆ ಕಪ್ಪು ಚರ್ಮವೂ ಕಡಮೆ ಬೆವರೂ ಇರುವುದರಿಂದ ಹಸುವಿಗಿಂತ ಬೇಗನೆ ಬಳಲುವುದು. ೨೦೨೧ರಲ್ಲಿ ಪ್ರತ್ಯೇಕ ತಳಿಯೆಂದು ರಾಷ್ಟ್ರಮಟ್ಟದಲ್ಲಿ ನೋಂದಣಿಯಾದ ಧಾರವಾಡಿ ಎಮ್ಮೆಯು ಈ ಸೀಮೆಯ ಸಂಪತ್ತು. ಪೇಢೆಯ ಹಾಲೂ ಅದರದೇ. ಇಂತಹ ಎಮ್ಮೆಗಳಿಗೆ ನೆರಳಿನಲ್ಲಿ ನೀರಿನ ಬಾನಿಯನ್ನಿಟ್ಟು, ದಿನಕ್ಕೆ ಎರಡು ಮೂರು ಸಾರಿ ಮೈಮೇಲೆ ನೀರೆರಚಿ, ಮೇವನ್ನು ಮುಂಜಾವಿನಲ್ಲಿಯೂ ರಾತ್ರಿಯಲ್ಲಿಯೂ ಹಾಕಿದರೆ ಹಾಲು ತಗ್ಗುವುದು ಕಡಮೆಯಾಗುವುದು.

೪. ಕೂಲಿಕಾರರು ಮತ್ತು ಮನೆಯವರು

ದೇಹವು ಬಿಸಿಲಿಗೆ ಹೊಂದಿಕೊಳ್ಳಲು ಒಂದೆರಡು ವಾರಗಳು ಬೇಕಾಗುವುವು. ಆದುದರಿಂದ ಹೊಸದಾಗಿ ಬಂದ ಆಳಿಗೆ ಮೊದಲ ದಿನವೇ ಪೂರ್ಣ ಕೆಲಸವನ್ನು ಹೊರಿಸುವುದು ಅಪಾಯಕರವು. ಕೆಲಸವನ್ನು ಬೆಳಗಿನ ಆರರಿಂದ ಹನ್ನೊಂದರೊಳಗೆ ಮುಗಿಸಿ, ಉಳಿದುದನ್ನು ಸಂಜೆಗೆ ಇಟ್ಟುಕೊಳ್ಳತಕ್ಕದ್ದು. ಕೂಲಿಯನ್ನು ಕಡಿಯದೆ ಹೊತ್ತನ್ನು ಬದಲಿಸುವ ಹಿಡುವಳಿದಾರನಿಗೆ ನಷ್ಟವಿಲ್ಲ; ತಂಪಿನಲ್ಲಿ ಕೈ ಚುರುಕಾಗಿ ನಡೆಯುವುದು.

ಬಾಯಾರುವ ಮುಂಚೆಯೇ ಆಗಾಗ ಸ್ವಲ್ಪ ಸ್ವಲ್ಪ ನೀರು ಕುಡಿಯಬೇಕು. ಬೆವರಿನೊಡನೆ ಉಪ್ಪೂ ಹೋಗುವುದರಿಂದ ಉಪ್ಪು ಬೆರೆಸಿದ ಮಜ್ಜಿಗೆ, ಜೋಳದ ಅಂಬಲಿ, ಮಾವಿನಕಾಯಿಯ ಪಾನಕ ಇವು ಹಿತಕರವು. ಕಾದ ಹೊತ್ತಿನಲ್ಲಿ ಸೆರೆ ಕುಡಿಯುವುದು ಪ್ರಾಣಕ್ಕೆ ಹಾನಿಕರವು. ಕೋಣೆಯ ಉಷ್ಣತೆಯು ೪೦ ಡಿಗ್ರಿ ಮೀರಿದಾಗ ಬರಿಯ ಫ್ಯಾನು ಬಿಸಿಗಾಳಿಯನ್ನೇ ಬೀಸುವುದರಿಂದ ಮೈಯನ್ನು ಒದ್ದೆಬಟ್ಟೆಯಿಂದ ಒರಸಿಕೊಳ್ಳತಕ್ಕದ್ದು.

ತಲೆನೋವು, ಸುಸ್ತು, ಸ್ನಾಯುಸೆಳೆತಗಳು ಮೊದಲ ಸೂಚನೆಗಳು. ಮಾತು ತೊದಲಿ, ಬುದ್ಧಿ ಭ್ರಮಿಸಿ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಬಿಸಿಲ ಹೊಡೆತವೆಂದು ತಿಳಿಯಬೇಕು. ಆಗ ದೇಹದ ಶಾಖವು ೪೦ ಡಿಗ್ರಿ ಮೀರಿರುವುದು. ಒಂದೊಂದು ನಿಮಿಷವೂ ಅಮೂಲ್ಯವು. ರೋಗಿಯನ್ನು ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈತುಂಬ ನೀರು ಸುರಿದು ಗಾಳಿ ಬೀಸುತ್ತಿರಬೇಕು. ಅಷ್ಟರಲ್ಲಿ ಮತ್ತೊಬ್ಬರು ೧೦೮ಕ್ಕೆ ಕರೆಮಾಡಿ ಆಂಬುಲೆನ್ಸನ್ನು ಕರೆಸತಕ್ಕದ್ದು. ಎಚ್ಚರವಿಲ್ಲದವನ ಬಾಯಿಗೆ ನೀರು ಹಾಕಕೂಡದು. ಮೊದಲು ತಣಿಸಿ ಆಮೇಲೆ ಸಾಗಿಸುವುದು ಕ್ರಮವು.

೫. ಗ್ರಾಮದ ಮುಖ್ಯಸ್ಥರ ಕರ್ತವ್ಯ

ಧಗೆಗೆ ಮೊದಲು ಬಲಿಯಾಗುವವರು ಒಂಟಿಯಾಗಿರುವ ಮುದುಕರು, ಹಸುಳೆಗಳು, ಬಸುರಿಯರು, ತಗಡಿನ ಗುಡಿಸಲುಗಳ ಬಡವರು. ಹವಾಮಾನ ಇಲಾಖೆಯ ಎಚ್ಚರಿಕೆ ಬಂದ ದಿನ ಡಂಗುರದಿಂದಲೋ ದೂರವಾಣಿಯಿಂದಲೋ ಊರಿಗೆ ತಿಳಿಸುವುದು, ಇಂತಹ ಮನೆಗಳ ಪಟ್ಟಿಯನ್ನು ಮಾಡಿ ಮಧ್ಯಾಹ್ನದಲ್ಲಿ ಒಮ್ಮೆ ವಿಚಾರಿಸುವುದು, ಬಸ್ಸು ನಿಲ್ಲುವಲ್ಲಿ ಅರವಟ್ಟಿಗೆಯನ್ನೂ ಕೆರೆಯ ದಾರಿಯಲ್ಲಿ ದನಗಳಿಗೆ ಬಾನಿಯನ್ನೂ ಇಡಿಸುವುದು, ಮಧ್ಯಾಹ್ನದ ಉರಿಯಲ್ಲಿ ಗುಡಿ, ಸಮುದಾಯ ಭವನಗಳ ಬಾಗಿಲನ್ನು ಎಲ್ಲರಿಗೂ ತೆರೆಸಿಡುವುದು, ಇವು ಪಂಚಾಯತಿಯವರೂ ಊರ ಹಿರಿಯರೂ ಸುಲಭವಾಗಿ ಮಾಡಬಹುದಾದ ಕಾರ್ಯಗಳು.

ಕಡೆಯದಾಗಿ, ರಾತ್ರಿಯ ತಂಪೆಂಬ ಈ ಬಂಡವಾಳವು ಅಕ್ಷಯವಾದುದಲ್ಲ. ಭೂಮಿಯ ಉಷ್ಣತೆಯು ಏರುತ್ತಿರುವಂತೆ ರಾತ್ರಿಗಳೂ ಬಿಸಿಯಾಗುತ್ತಲಿವೆ. ಕಾಂಕ್ರೀಟೂ ಡಾಂಬರೂ ಹೆಚ್ಚಿದಲ್ಲಿ ಸಂಜೆಯ ಗಾಳಿಯೂ ಬೇಗನೆ ತಣಿಯದು. ಕೆರೆಯ ದಂಡೆಗಳಲ್ಲಿಯೂ ಮನೆಗಳ ಪಡುವಣಕ್ಕೂ ದಾರಿಯ ಬದಿಗಳಲ್ಲಿಯೂ ಬೇವು, ಹೊಂಗೆಗಳ ಸಸಿಗಳನ್ನು ಜೂನ್ ತಿಂಗಳ ಮೊದಲ ಮಳೆಯೊಡನೆ ನೆಡತಕ್ಕದ್ದು. ಅದಕ್ಕೆ ಬೇಕಾದ ಗುಂಡಿಗಳನ್ನು ಈ ಬೇಸಿಗೆಯಲ್ಲಿಯೇ, ತಂಪು ಹೊತ್ತಿನಲ್ಲಿ, ತೋಡಿಸಿಡುವುದು ಉತ್ತಮವು.