ಬೀಗದ ಕೈ ಕೈತಪ್ಪಿದಾಗ

ಕೀಲಿಗೆ ‘ಬೀಗದ ಕೈ’ ಎಂದು ಹೆಸರಿಟ್ಟವರು ಪುಣ್ಯಾತ್ಮರು. ಇಂದಿನ ಕಾರುಗಳಲ್ಲಿ ಆ ಕೈಗೆ ಮಾತೂ ಬಂದಿದೆ. ಗುಂಡಿಯೊತ್ತಿದಾಗ ಪ್ರತಿ ಸಲವೂ ಬದಲಾಗುವ ಸಂಕೇತವೊಂದು ರೇಡಿಯೋ ತರಂಗವಾಗಿ ಹೊರಟು ಬಾಗಿಲು ತೆರೆಯುತ್ತದೆ. ಇದಕ್ಕೆ ಬ್ಯಾಟರಿ ಬೇಕು. ಎಂಜಿನ್ನಿಗೆ ಅಪ್ಪಣೆ ನೀಡುವ ಚಿಪ್ಪಿಗಾದರೋ ಬ್ಯಾಟರಿಯ ಹಂಗಿಲ್ಲ. ಕಾರಿನಲ್ಲಿರುವ ತಂತಿಯ ಸುರುಳಿಯಿಂದಲೇ ಅದು ಶಕ್ತಿಯನ್ನು ಪಡೆಯುತ್ತದೆ. ಆದುದರಿಂದ ಗುಂಡಿ ಸುಮ್ಮನಾದ ಮಾತ್ರಕ್ಕೆ ಕೀಲಿಯೇ ಕೆಟ್ಟಿತೆಂದು ಹೊಸದಕ್ಕೆ ಹಣ ತೆರಬೇಕಾಗಿಲ್ಲ. ಗುಂಡಿಯೊತ್ತಿ ಚಾಲನೆ ಮಾಡುವ ಕಾರುಗಳಲ್ಲಿಯೂ ಕೀಲಿಯ ಒಡಲಲ್ಲಿ ಲೋಹದ ಅಲಗೊಂದು ಸಾಮಾನ್ಯವಾಗಿ ಅಡಗಿರುತ್ತದೆ. ಅದರಿಂದ ಬಾಗಿಲು ತೆರೆದು, ಕೀಲಿಯನ್ನು ಚಾಲನಾ ಗುಂಡಿಗೆ ತಾಗಿಸಿ ಹಿಡಿದರೆ ಅನೇಕ ಕಾರುಗಳು ಹೊರಡುತ್ತವೆ.

ಮಂಗಳೂರಿನ ಕುಟುಂಬಗಳಿಗೆ ಕಡಲಿನದೇ ಬೇರೆ ಚಿಂತೆ. ಪಣಂಬೂರಿನಲ್ಲಿಯೋ ತಣ್ಣೀರುಬಾವಿಯಲ್ಲಿಯೋ ಮಕ್ಕಳೊಡನೆ ಅಲೆಗಿಳಿದವರ ಜೇಬಿನಲ್ಲಿ ಕೀಲಿಯೂ ಮೀಯುತ್ತದೆ. ಉಪ್ಪುನೀರು ವಿದ್ಯುತ್ತಿನೊಡನೆ ಸೇರಿದರೆ ಒಳಗಿನ ತಾಮ್ರದ ಗೆರೆಗಳನ್ನು ಬೇಗನೆ ತಿಂದುಹಾಕುತ್ತದೆ. ಒಡನೆಯೇ ಬ್ಯಾಟರಿಯನ್ನು ತೆಗೆದು, ಶುದ್ಧ ನೀರಿನಲ್ಲಿ ಉಪ್ಪನ್ನು ತೊಳೆದು, ನೆರಳಿನಲ್ಲಿ ಚೆನ್ನಾಗಿ ಒಣಗಿಸಬೇಕು. ಅಕ್ಕಿಯ ಡಬ್ಬಿಯಲ್ಲಿ ಹೂಳಿದರೆ ಉಪ್ಪು ಹೋಗದು.

ಕಳೆದೇ ಹೋದರೆ? ಪೇಟೆಯಲ್ಲಿ ಕೊರೆದುಕೊಡುವ ಅಗ್ಗದ ನಕಲು ಕೀಲಿ ಬಾಗಿಲನ್ನು ತೆರೆದೀತು, ಎಂಜಿನ್ನನ್ನು ಎಬ್ಬಿಸಲಾರದು. ಹೊಸ ಚಿಪ್ಪನ್ನು ಕಾರಿನ ನೆನಪಿನಲ್ಲಿ ದಾಖಲಿಸಬೇಕು. ಅಧಿಕೃತ ಮಾರಾಟಗಾರರಲ್ಲಿಗೆ ಹೋಗುವಾಗ ನೋಂದಣಿ ಪತ್ರ, ಗುರುತಿನ ಚೀಟಿ ಹಾಗೂ ಮನೆಯಲ್ಲಿ ಉಳಿದಿರುವ ಇನ್ನೊಂದು ಕೀಲಿ ಜೊತೆಗಿರಲಿ. ದಾಖಲಿಸುವಾಗ ಎದುರಿಗಿಲ್ಲದ ಕೀಲಿ ಕೆಲವು ಕಾರುಗಳಲ್ಲಿ ಅಳಿಸಿಹೋಗುತ್ತದೆ. ಕಳೆದುಹೋದ ಕೀಲಿಯ ದಾಖಲೆಯನ್ನು ಅಳಿಸಿರೆಂದು ನಾವೇ ಬಾಯಿಬಿಟ್ಟು ಕೇಳಬೇಕು. ಅಳಿಸಿದ ಬಳಿಕವೂ ಅದರ ಅಲಗು ಬಾಗಿಲನ್ನು ತೆರೆಯಬಲ್ಲದು. ಅದನ್ನು ತಡೆಯಲು ಬೀಗವನ್ನೇ ಬದಲಿಸಬೇಕು. ಎರಡು ಕೀಲಿಗಳೂ ಹೋದಲ್ಲಿ ವೆಚ್ಚ ಬಹಳವಾಗಿ ಏರುತ್ತದೆ. ಆದರೂ ಮದುವೆಯ ಒಡವೆಯಂತೆ ಎರಡನ್ನೂ ಒಂದೇ ಗೊಂಚಲಿನಲ್ಲಿ ಇಡುವವರಿದ್ದಾರೆ!

ಪೊಲೀಸರಿಗೆ ತಿಳಿಸಿ ಸ್ವೀಕೃತಿ ಪತ್ರವನ್ನು ಪಡೆಯುವುದನ್ನು ಅನೇಕರು ವ್ಯರ್ಥವೆಂದು ಬಗೆಯುತ್ತಾರೆ. ಮುಂದೆಂದಾದರೂ ಕಾರು ಕಳುವಾದರೆ ವಿಮಾ ಕಂಪನಿಯವರು ಎರಡು ಮೂಲ ಕೀಲಿಗಳನ್ನು ಕೇಳುತ್ತಾರೆ. ಆಗ ಆ ಒಂದು ಹಾಳೆಯೇ ಆಧಾರ.

ಬ್ಯಾಟರಿ ಬದಲಿಸುವಾಗ ಮನೆಯ ತಾಯಂದಿರು ಗಮನಿಸಬೇಕು. ‘ಸಿಆರ್ 2032’ ಎಂಬುದು 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪದ ಹೊಳೆಯುವ ಬಿಲ್ಲೆ. ಶಕ್ತಿ ಮುಗಿಯಿತೆಂದು ಮೇಜಿನ ಮೇಲಿಟ್ಟ ಹಳೆಯ ಬಿಲ್ಲೆಯನ್ನು ಮಗು ನುಂಗಿದರೆ, ಗಂಟಲ ಕೆಳಗೆ ಸಿಕ್ಕಿಕೊಂಡು ಎರಡೇ ಗಂಟೆಗಳಲ್ಲಿ ಅನ್ನನಾಳವನ್ನು ಸುಡಬಲ್ಲದು. ವಾಂತಿ ಮಾಡಿಸಕೂಡದು, ಮಗು ನಗುತ್ತಿದ್ದರೂ ಕಾಯದೆ, ಎಕ್ಸ್‌ರೇ ಸೌಲಭ್ಯವಿರುವ ಆಸ್ಪತ್ರೆಗೆ ಆ ಕ್ಷಣವೇ ಕರೆದೊಯ್ಯಬೇಕು.