‘ನೈಜೀರಿಯಾ’ ನಮ್ಮ ‘ಮೈಸೂರು’ ಆದ ಕಥೆ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ‘ಐಎನ್‌ಎಸ್ ಮೈಸೂರು’ ಎಂದರೆ ಒಂದು ಸಾಲಿನ ಉತ್ತರ: ದೆಹಲಿ ದರ್ಜೆಯ ಡೆಸ್ಟ್ರಾಯರ್, 1999ರಲ್ಲಿ ಸೇವೆಗೆ ಸೇರ್ಪಡೆ. ಮಾರ್ಕ್ಸ್‌ಗೆ ಅಷ್ಟು ಸಾಕು. ಆದರೆ ಅದು ಆ ಹೆಸರಿನ ಎರಡನೆಯ ಹಡಗು. ಮೊದಲನೆಯದು ಬ್ರಿಟಿಷರು ಕಟ್ಟಿದ ಲೈಟ್ ಕ್ರೂಸರ್. ಅದರ ಕಥೆಯನ್ನು ಪೂರ್ತಿ ಓದಿದ ಮೇಲೆ, ಸಮುದ್ರದಿಂದ ನೂರಾರು ಕಿಲೊಮೀಟರ್ ದೂರದ ರೂಪನಗುಡಿಯವನಾದ ನನಗೂ ಆ ಹಡಗಿಗೂ ಏನೋ ನಂಟಿದೆ ಅನ್ನಿಸತೊಡಗಿತು. ನಂಟು ಸಣ್ಣದೇ. ಆಗಿನ ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಭಾರತ ಆ ಹಡಗನ್ನು ಖರೀದಿಸಿದ್ದು 1954ರಲ್ಲಿ. ಅಂದರೆ ನಾವೂ ಹಡಗೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ‘ಮೈಸೂರು’ ಆದೆವು.

ಅದಕ್ಕೂ ಮುಂಚೆ ಅದರ ಹೆಸರು ‘ಎಚ್‌ಎಂಎಸ್ ನೈಜೀರಿಯಾ’. ಫಿಜಿ, ಕೆನ್ಯಾ, ಮಾರಿಷಸ್, ಟ್ರಿನಿಡಾಡ್, ಜಮೈಕಾ, ಗ್ಯಾಂಬಿಯಾ, ಸಿಲೋನ್ ಹೀಗೆ ತಮ್ಮ ವಸಾಹತುಗಳ ಹೆಸರನ್ನೇ ಬ್ರಿಟಿಷರು ಈ ದರ್ಜೆಯ ಹಡಗುಗಳಿಗೆ ಇಟ್ಟಿದ್ದರು. ಆಸ್ತಿಪಟ್ಟಿ ಓದಿದಂತಿದೆ. ನ್ಯೂಕ್ಯಾಸಲ್‌ನ ವಿಕರ್ಸ್ ಆರ್ಮ್‌ಸ್ಟ್ರಾಂಗ್ ಕಾರ್ಖಾನೆಯಲ್ಲಿ 1938ರಲ್ಲಿ ನೈಜೀರಿಯಾದ ಕೆಲಸ ಶುರುವಾಯಿತು. 1939ರ ಜುಲೈನಲ್ಲಿ ಅದನ್ನು ನೀರಿಗಿಳಿಸಿದರು. ಒಂದೂವರೆ ತಿಂಗಳಲ್ಲಿ ಎರಡನೇ ಮಹಾಯುದ್ಧ ಶುರು. ಯುದ್ಧದ ನಡುವೆಯೇ, 1940ರ ಸೆಪ್ಟೆಂಬರ್‌ನಲ್ಲಿ ಹಡಗು ಸೇವೆಗೆ ಬಂತು.

ಮೆಕ್ಯಾನಿಕಲ್ ಓದುತ್ತಿರುವವನಾದ್ದರಿಂದ ಅಳತೆಗಳ ಬಗ್ಗೆ ಸ್ವಲ್ಪ ಹೇಳಲೇಬೇಕು. ಉದ್ದ ಸುಮಾರು 169 ಮೀಟರ್. ನಮ್ಮ ಹದಿನೈದು ಸರ್ಕಾರಿ ಬಸ್ಸುಗಳನ್ನು ಒಂದರ ಹಿಂದೊಂದು ನಿಲ್ಲಿಸಿದಷ್ಟು. ನಾಲ್ಕು ಬಾಯ್ಲರ್, ನಾಲ್ಕು ಸ್ಟೀಮ್ ಟರ್ಬೈನ್, ನಾಲ್ಕು ಪ್ರೊಪೆಲ್ಲರ್, ಒಟ್ಟು ಶಕ್ತಿ 72,500 ಅಶ್ವಶಕ್ತಿ. ಎಂಟು ಸಾವಿರ ಟನ್‌ಗೂ ಮಿಕ್ಕಿದ ಈ ಉಕ್ಕಿನ ರಾಶಿ ತಾಸಿಗೆ ಹತ್ತಿರಹತ್ತಿರ 60 ಕಿ.ಮೀ. ವೇಗದಲ್ಲಿ ಓಡುತ್ತಿತ್ತು. ತಿರುಗುವ ನಾಲ್ಕು ಫಿರಂಗಿ ಗೂಡುಗಳಲ್ಲಿ ತಲಾ ಮೂರರಂತೆ ಆರು ಇಂಚಿನ ಹನ್ನೆರಡು ಫಿರಂಗಿಗಳು. ಒಂದೊಂದು ಗುಂಡಿನ ತೂಕ ಸುಮಾರು 51 ಕೆ.ಜಿ., ಅಂದರೆ ಒಂದು ಸಿಮೆಂಟ್ ಚೀಲ. ಅದನ್ನು 23 ಕಿ.ಮೀ. ದೂರ ಎಸೆಯಬಲ್ಲ ಯಂತ್ರ ಅದು. ಬಳ್ಳಾರಿ ಕೋಟೆ ಗುಡ್ಡದ ಮೇಲಿಟ್ಟು ಹೊಡೆದರೆ ಕುರುಗೋಡಿನ ಸಮೀಪಕ್ಕೆ ಹೋಗಿ ಬೀಳುತ್ತಿತ್ತು. ಇಷ್ಟಾದರೂ ಇದು ‘ಲೈಟ್’ ಕ್ರೂಸರ್. ಎಂಟು ಇಂಚಿನ ಫಿರಂಗಿ ಇದ್ದಿದ್ದರೆ ‘ಹೆವಿ’ ಅನ್ನುತ್ತಿದ್ದರು. ಹೆಸರು ನಿರ್ಧರಿಸುತ್ತಿದ್ದದ್ದು ಫಿರಂಗಿಯ ಬಾಯಿ, ಹಡಗಿನ ತೂಕಕ್ಕೆ ಅದರಲ್ಲಿ ಪಾತ್ರವಿರಲಿಲ್ಲ.

ಈ ಹಡಗಿನ ಯುದ್ಧದ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹೆಚ್ಚು ಗುಂಡು ಖರ್ಚಾಗದ ಒಂದು ಘಟನೆ. ಜರ್ಮನ್ನರು ಎನಿಗ್ಮಾ ಎಂಬ ಯಂತ್ರದಿಂದ ಸಂದೇಶಗಳನ್ನು ಗೂಢಲಿಪಿಗೆ ತಿರುಗಿಸಿ ಕಳಿಸುತ್ತಿದ್ದದ್ದು ಕಂಪ್ಯೂಟರ್ ಸೈನ್ಸ್‌ನವರಿಗೆ ಗೊತ್ತೇ ಇರುತ್ತದೆ. ಅದನ್ನು ಒಡೆಯಲು ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕ್‌ನಲ್ಲಿ ಕುಳಿತಿದ್ದವರಲ್ಲಿ ಅಲನ್ ಟ್ಯೂರಿಂಗ್ ಹೆಸರು ಎಲ್ಲರ ಬಾಯಲ್ಲಿದೆ. ಅಲ್ಲೇ ಹ್ಯಾರಿ ಹಿನ್ಸ್ಲಿ ಎಂಬ ಇನ್ನೊಬ್ಬ ಹುಡುಗನೂ ಇದ್ದ. ಕೇಂಬ್ರಿಜ್‌ನಲ್ಲಿ ಇತಿಹಾಸ ಓದುತ್ತಿದ್ದವನು, ಡಿಗ್ರಿ ಮುಗಿಸುವ ಮೊದಲೇ ಈ ಕೆಲಸಕ್ಕೆ ಬಂದಿದ್ದ. 1941ರಲ್ಲಿ ಅವನ ವಯಸ್ಸು 22. ಅವನು ಗಮನಿಸಿದ್ದು ಇಷ್ಟೇ: ಹವಾಮಾನ ವರದಿ ಮಾಡಲು ಜರ್ಮನ್ನರು ಉತ್ತರ ಅಟ್ಲಾಂಟಿಕ್‌ನಲ್ಲಿ ಕೆಲವು ಮೀನುಗಾರಿಕೆ ಹಡಗುಗಳನ್ನು ನಿಲ್ಲಿಸಿದ್ದಾರೆ. ಅವಕ್ಕೆ ಹೇಳಿಕೊಳ್ಳುವಂಥ ರಕ್ಷಣೆ ಇಲ್ಲ. ಆದರೆ ಯುದ್ಧನೌಕೆಗಳ ಹಾಗೆ ಅವುಗಳ ಬಳಿಯೂ ಎನಿಗ್ಮಾ ಇರಲೇಬೇಕು, ತಿಂಗಳುಗಟ್ಟಲೆ ಸಮುದ್ರದಲ್ಲೇ ಇರುವುದರಿಂದ ಮುಂದಿನ ತಿಂಗಳ ಕೀಲಿಗಳೂ ಇರಬೇಕು. ಹಾಗಾದರೆ ಅವನ್ನೇ ಏಕೆ ಹಿಡಿಯಬಾರದು?

ಮೇ ತಿಂಗಳಲ್ಲಿ ‘ಮ್ಯೂನ್ಶೆನ್’ ಎಂಬ ಹಡಗು ಸಿಕ್ಕಿತು. ಜೂನ್ 28ರಂದು ‘ಲಾವೆನ್‌ಬುರ್ಗ್’ನ ಸರದಿ. ಯಾನ್ ಮಾಯೆನ್ ದ್ವೀಪದ ಆಚೆ ಹಿಮಗಡ್ಡೆಗಳ ನಡುವೆ ಅದನ್ನು ಪತ್ತೆ ಮಾಡಿದ ತಂಡದಲ್ಲಿ ಮೂರು ಡೆಸ್ಟ್ರಾಯರ್‌ಗಳ ಜೊತೆ ದೊಡ್ಡಣ್ಣನಂತೆ ಇದ್ದದ್ದು ನೈಜೀರಿಯಾ. ಮುಳುಗಿಸಿಬಿಟ್ಟರೆ ಕಾಗದಗಳೂ ಮುಳುಗುತ್ತವೆ. ಹೆದರಿಸಬೇಕು, ಆದರೆ ಹಡಗು ತೇಲುತ್ತಿರಬೇಕು. ಜರ್ಮನ್ ನಾವಿಕರು ಗಾಬರಿಯಿಂದ ದೋಣಿಗಿಳಿದರು, ಬ್ರಿಟಿಷರು ಹತ್ತಿ ಕಾಗದಗಳನ್ನು ಬಾಚಿಕೊಂಡರು. ಜುಲೈ ತಿಂಗಳ ಕೀಲಿಗಳು ಕೈಸೇರಿದವು. ಹನ್ನೆರಡು ಫಿರಂಗಿ ಹೊತ್ತ ಹಡಗು ಆ ಯುದ್ಧದಲ್ಲಿ ಮಾಡಿದ ಅತಿ ದೊಡ್ಡ ಉಪಕಾರ ಇದೇ ಇರಬಹುದು ಎಂಬುದು ನನ್ನ ಲೆಕ್ಕ.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಾರ್ವೆ ಬಳಿ ‘ಬ್ರೆಮ್ಸೆ’ ಎಂಬ ಜರ್ಮನ್ ಹಡಗನ್ನು ಮುಳುಗಿಸಿತು, ತನ್ನ ಮೂತಿಯನ್ನೂ ಜಜ್ಜಿಸಿಕೊಂಡಿತು. ಮರುವರ್ಷ ರಷ್ಯಾಕ್ಕೆ ಸರಕು ಒಯ್ಯುವ ಹಡಗು ಸಾಲುಗಳ ಕಾವಲು. ಆಮೇಲೆ ಮೆಡಿಟರೇನಿಯನ್. ಮುತ್ತಿಗೆಗೆ ಸಿಕ್ಕಿ ಹಸಿವು ಮತ್ತು ಎಣ್ಣೆಯ ಕೊರತೆಯಿಂದ ಕಂಗೆಟ್ಟಿದ್ದ ಮಾಲ್ಟಾ ದ್ವೀಪಕ್ಕೆ 1942ರ ಆಗಸ್ಟ್‌ನಲ್ಲಿ ಹೊರಟ 14 ಸರಕು ಹಡಗುಗಳ ಜೊತೆ ಕೊನೆಯವರೆಗೆ ಹೋಗಬೇಕಿದ್ದ ತಂಡದ ಧ್ವಜನೌಕೆ ನೈಜೀರಿಯಾ. ರಿಯರ್ ಅಡ್ಮಿರಲ್ ಹೆರಾಲ್ಡ್ ಬರೋ ಅದರಲ್ಲಿದ್ದರು. ಆಗಸ್ಟ್ 12ರ ಸಂಜೆ ಇಟಲಿಯ ಜಲಾಂತರ್ಗಾಮಿ ‘ಆಕ್ಸುಮ್’ ಒಂದೇ ಬಾರಿಗೆ ನಾಲ್ಕು ಟಾರ್ಪಿಡೊ ಬಿಟ್ಟಿತು. ಅವು ನೈಜೀರಿಯಾ, ‘ಕೈರೋ’ ಮತ್ತು ಎಣ್ಣೆ ಟ್ಯಾಂಕರ್ ‘ಓಹಾಯೊ’ ಮೂರಕ್ಕೂ ಬಡಿದವು. ಕೈರೋ ಮುಳುಗಿತು. ಓಹಾಯೊ ಹೇಗೋ ತೆವಳಿಕೊಂಡು ಮಾಲ್ಟಾ ಸೇರಿತು. ನೈಜೀರಿಯಾದಲ್ಲಿ 52 ಜನ ಸತ್ತರು. ಅಡ್ಮಿರಲ್ ಬೇರೆ ಹಡಗಿಗೆ ದಾಟಿಕೊಂಡರು. ಇದು ಒಂದು ಕಡೆಗೆ ವಾಲಿಕೊಂಡೇ ಜಿಬ್ರಾಲ್ಟರ್‌ಗೆ ಮರಳಿತು. ಮುಂದೆ ಅಮೆರಿಕದಲ್ಲಿ ತಿಂಗಳುಗಟ್ಟಲೆ ರಿಪೇರಿ. ಅಲ್ಲಿಂದ ನಮ್ಮ ಕಡೆಯ ನೀರಿಗೆ ಬಂತು. ಸಿಲೋನ್‌ನ ತ್ರಿಂಕೋಮಲಿಯನ್ನು ನೆಲೆ ಮಾಡಿಕೊಂಡಿದ್ದ ಪಡೆಯೊಂದಿಗೆ ಸೇರಿ, ಜಪಾನೀಯರ ವಶದಲ್ಲಿದ್ದ ಸುಮಾತ್ರಾದ ಸಬಾಂಗ್ ಮೇಲಿನ ದಾಳಿಗಳಲ್ಲಿ 1944ರಲ್ಲಿ ಭಾಗವಹಿಸಿತು.

1954ರಲ್ಲಿ ಭಾರತ ಇದಕ್ಕೆ ಕೊಟ್ಟ ಬೆಲೆ ಮೂರು ಲಕ್ಷ ಪೌಂಡ್. ಲಿವರ್‌ಪೂಲ್ ಎದುರಿನ ಬರ್ಕನ್‌ಹೆಡ್‌ನಲ್ಲಿ ಮೇಲಿಂದ ಕೆಳಗೆ ದುರಸ್ತಿ ಮಾಡಿಸಿ, 1957ರ ಆಗಸ್ಟ್ 29ರಂದು ‘ಐಎನ್‌ಎಸ್ ಮೈಸೂರು’ ಎಂದು ಸೇವೆಗೆ ತಂದರು. ಲಾಂಛನಕ್ಕೆ ಗಂಡಭೇರುಂಡ, ನಮ್ಮ ಸರ್ಕಾರಿ ಕಾಗದಗಳ ಮೇಲೆ ದಿನವೂ ನೋಡುವ ಅದೇ ಎರಡು ತಲೆಯ ಹಕ್ಕಿ. ಫಿರಂಗಿಗಳು ಈಗ ಒಂಬತ್ತು. ನಮ್ಮ ನೌಕಾಪಡೆಗೆ ಆಗ ಇದ್ದ ಇನ್ನೊಂದು ಕ್ರೂಸರ್ 1948ರಲ್ಲಿ ಕೊಂಡ ‘ದೆಹಲಿ’, ಅದೂ ಬ್ರಿಟಿಷರು ಬಳಸಿಬಿಟ್ಟದ್ದೇ.

“ಅಲ್ಲಲೇ, ಸೆಕೆಂಡ್ ಹ್ಯಾಂಡ್ ಹಡಗಿನ ಬಗ್ಗೆ ಏನು ಇಷ್ಟು ಹೇಳ್ತೀ?” ಅಂತ ಗೆಳೆಯನೊಬ್ಬ ನಕ್ಕ. ಸೆಕೆಂಡ್ ಹ್ಯಾಂಡ್ ಬೈಕಿನಲ್ಲೇ ಕಾಲೇಜಿಗೆ ಬರುವವನು ಅವನು! ಲೆಕ್ಕ ಹಾಕಿ ನೋಡಿ: ಬ್ರಿಟನ್ನಿನಲ್ಲಿ ಅದು ಇದ್ದದ್ದು 1940ರಿಂದ 1954ರವರೆಗೆ, 14 ವರ್ಷ. ನಮ್ಮಲ್ಲಿ ದುಡಿದದ್ದು 1957ರಿಂದ 1985ರವರೆಗೆ, 28 ವರ್ಷ. ಸರಿಯಾಗಿ ದುಪ್ಪಟ್ಟು. ಟಾರ್ಪಿಡೊ ತಿಂದ ಹಡಗನ್ನು ಅಷ್ಟು ವರ್ಷ ಓಡಿಸಿದ್ದು ಬಾಯ್ಲರ್ ಕೋಣೆಯ ಕಾವಿನಲ್ಲಿ ನಿಂತ ನಮ್ಮ ನಾವಿಕರು. ಆ ಕಾವಿನ ಮುಂದೆ ಬಳ್ಳಾರಿಯ ಮೇ ತಿಂಗಳು ತಂಪು ಅಂತಲೇ ಹೇಳಬೇಕು.

ಬಂದ ಎರಡೇ ವರ್ಷಕ್ಕೆ, 1959ರಲ್ಲಿ, ಸಿಲೋನ್ ಬಳಿ ಸಮರಾಭ್ಯಾಸದಲ್ಲಿ ಬ್ರಿಟಿಷ್ ಡೆಸ್ಟ್ರಾಯರ್ ‘ಹೋಗ್’ ಮತ್ತು ಇದರ ನಡುವೆ ಡಿಕ್ಕಿಯಾಯಿತು. ಹೋಗ್‌ನ ಮೂತಿ ನಜ್ಜುಗುಜ್ಜಾಗಿ ಕೊನೆಗೆ ಗುಜರಿಗೆ ಹೋಯಿತು. ಮೈಸೂರು ಮತ್ತೆ ಕೆಲಸಕ್ಕೆ ಬಂತು.

ಇನ್ನು ಅಂಜದೀವ. ಕಾರವಾರದ ದಕ್ಷಿಣಕ್ಕೆ, ತೀರಕ್ಕೆ ತೀರಾ ಹತ್ತಿರದಲ್ಲಿರುವ ಸಣ್ಣ ದ್ವೀಪ. 1956ರ ಏಕೀಕರಣದಲ್ಲಿ ಕಾರವಾರ ಮೈಸೂರು ರಾಜ್ಯಕ್ಕೆ ಬಂದಿತ್ತು, ಕಣ್ಣೆದುರಿನ ದ್ವೀಪ ಮಾತ್ರ ಗೋವಾದ ಜೊತೆ ಪೋರ್ಚುಗೀಸರ ಕೈಯಲ್ಲೇ ಇತ್ತು. 1961ರ ನವೆಂಬರ್‌ನಲ್ಲಿ ಆ ದ್ವೀಪದಿಂದ ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿತು. ದ್ವೀಪದಿಂದ ಹಾರಿದ ಗುಂಡಿಗೆ ಮೀನುಗಾರನೊಬ್ಬನೂ ಸತ್ತ. ಗೋವಾ ವಿಮೋಚನೆಯ ಕಾರ್ಯಾಚರಣೆ ಶುರುವಾದ ಡಿಸೆಂಬರ್ 18ರಂದು ಅಂಜದೀವದ ಕೆಲಸ ಬಿದ್ದದ್ದು ‘ಮೈಸೂರು’ ಮತ್ತು ‘ತ್ರಿಶೂಲ್’ ಹಡಗುಗಳಿಗೆ. ನಾವಿಕರ ತಂಡ ದ್ವೀಪಕ್ಕೆ ಇಳಿಯಿತು. ಪೋರ್ಚುಗೀಸರು ಬಿಳಿ ಬಾವುಟ ತೋರಿಸಿ, ಹತ್ತಿರ ಬಂದವರ ಮೇಲೆ ಗುಂಡು ಹಾರಿಸಿದರು ಎಂಬುದು ನಮ್ಮ ಕಡೆಯ ವಿವರಣೆ. ಏಳು ನಾವಿಕರು ಸತ್ತರು. ಆಮೇಲೆ ಹಡಗುಗಳ ಫಿರಂಗಿಗಳು ಮಾತಾಡಿದವು, ಮರುದಿನ ದ್ವೀಪ ನಮ್ಮದಾಯಿತು.

ಇಲ್ಲಿ ನಾನು ಓದುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ವಸಾಹತುಗಳ ದಾರಿ ಕಾಯಲೆಂದು, ಒಂದು ವಸಾಹತಿನ ಹೆಸರನ್ನೇ ಹೊತ್ತು ಹುಟ್ಟಿದ ಹಡಗು. ಅದು ಹೆಸರು ಬದಲಿಸಿಕೊಂಡು ಬಂದು ಮೈಸೂರು ರಾಜ್ಯದ ತೀರದೆದುರಿನ ವಸಾಹತನ್ನು ತೆರವು ಮಾಡಿಸಿತು. ಅದರ ಹಿಂದಿನ ವರ್ಷವೇ, 1960ರಲ್ಲಿ, ನೈಜೀರಿಯಾ ದೇಶವೂ ಸ್ವತಂತ್ರವಾಗಿತ್ತು. ನೌಕಾ ಚರಿತ್ರೆ ಎಂದರೆ ಯಾವ ಹಡಗು ಯಾವುದನ್ನು ಮುಳುಗಿಸಿತು ಎಂಬ ಪಟ್ಟಿ ಅಂದುಕೊಂಡಿದ್ದವರು ಇದನ್ನು ಓದಬೇಕು.

1971ರ ಯುದ್ಧದಲ್ಲಿ ಮೈಸೂರು ಪಶ್ಚಿಮ ನೌಕಾದಳದ ಧ್ವಜನೌಕೆ. ರಿಯರ್ ಅಡ್ಮಿರಲ್ ಇ.ಸಿ. ಕುರುವಿಲಾ ಅದರಲ್ಲಿದ್ದರು. ಆದರೆ ಡಿಸೆಂಬರ್ 4ರ ರಾತ್ರಿ ಕರಾಚಿಯನ್ನು ನಡುಗಿಸಿದ್ದು ‘ನಿಪಾತ್’, ‘ನಿರ್ಘಾತ್’, ‘ವೀರ್’ ಎಂಬ ಪುಟ್ಟ ಕ್ಷಿಪಣಿ ದೋಣಿಗಳು. ಮೈಸೂರಿನ ನಲವತ್ತರಲ್ಲಿ ಒಂದು ಪಾಲು ತೂಕವೂ ಇಲ್ಲದವು. ಫಿರಂಗಿ ಹಡಗುಗಳ ಕಾಲ ಮುಗಿದದ್ದು ಆ ರಾತ್ರಿ ಸ್ಪಷ್ಟವಾಗಿ ಕಂಡಿರಬೇಕು. ತಂತ್ರಜ್ಞಾನ ಯಾರ ಹಿರಿತನವನ್ನೂ ನೋಡುವುದಿಲ್ಲ. 1975ರಿಂದ ಅದು ಕೆಡೆಟ್‌ಗಳ ತರಬೇತಿ ಹಡಗಾಯಿತು. ಹತ್ತು ವರ್ಷ ಹುಡುಗರಿಗೆ ಸಮುದ್ರ ಕಲಿಸಿ, 1985ರ ಆಗಸ್ಟ್ 20ರಂದು ನಿವೃತ್ತಿಯಾಗಿ ಗುಜರಿ ಸೇರಿತು.

ಹೆಸರು ಮಾತ್ರ ಗಟ್ಟಿ. ರಾಜ್ಯ 1973ರಲ್ಲಿ ಕರ್ನಾಟಕವಾದರೂ ಹಡಗು ಮೈಸೂರಾಗಿಯೇ ಉಳಿಯಿತು. 1999ರ ಹೊಸ ಹಡಗಿಗೂ ಅದೇ ಹೆಸರು, ಹಳೆಯದರ 60 ಎಂಬ ಸಂಖ್ಯೆಯೇ ಮೈಮೇಲೆ. ಮುಂಬೈಯ ಮಝಗಾಂವ್ ಡಾಕ್‌ನಲ್ಲಿ ನಮ್ಮವರೇ ಕಟ್ಟಿದ್ದು, ಸ್ಟೀಮ್ ಬದಲು ಗ್ಯಾಸ್ ಟರ್ಬೈನ್. 2008ರ ಡಿಸೆಂಬರ್‌ನಲ್ಲಿ ಏಡನ್ ಕೊಲ್ಲಿಯಲ್ಲಿ 23 ಕಡಲ್ಗಳ್ಳರನ್ನು ಹಿಡಿದು ಸುದ್ದಿಯಾಗಿತ್ತು. ಅಂದಹಾಗೆ, ಬಿಇ ಮುಗಿಸಿದವರು ಶಾರ್ಟ್ ಸರ್ವಿಸ್ ಕಮಿಷನ್ ಮೂಲಕ ನೌಕಾಪಡೆಯ ಎಂಜಿನಿಯರಿಂಗ್ ಶಾಖೆಗೆ ಹೋಗಬಹುದು, ಎಸ್‌ಎಸ್‌ಬಿ ಸಂದರ್ಶನ ದಾಟಬೇಕು, ತರಬೇತಿ ಕೇರಳದ ಎಳಿಮಲದಲ್ಲಿ. ನಮ್ಮ ಕ್ಲಾಸಿನಲ್ಲಿ ಎಲ್ಲರ ಬಾಯಲ್ಲೂ ಸಾಫ್ಟ್‌ವೇರ್ ಮತ್ತು ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಮಾತ್ರ ಇರುವುದರಿಂದ ಇದನ್ನೂ ಹೇಳಿದೆ.

ಅಂಜದೀವ ಈಗ ಕಾರವಾರದ ಐಎನ್‌ಎಸ್ ಕದಂಬ ನೌಕಾನೆಲೆಯ ಆವರಣಕ್ಕೆ ಸೇರಿದೆ. ಅಲೆತಡೆ ಗೋಡೆ ಕಟ್ಟಿ ಅದನ್ನು ನೆಲಕ್ಕೆ ಜೋಡಿಸಿದ್ದಾರೆ, ನಮ್ಮಂಥವರು ಒಳಗೆ ಹೋಗುವಂತಿಲ್ಲ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ‘ಚಪಲ್’ ಎಂಬ ಹಳೆಯ ಕ್ಷಿಪಣಿ ದೋಣಿಯನ್ನು ಮ್ಯೂಸಿಯಂ ಮಾಡಿ ನಿಲ್ಲಿಸಿದ್ದಾರೆ. ಅದರೊಳಗೆ ಹೋಗಿ ನೋಡಬಹುದು. ಬಳ್ಳಾರಿಯಿಂದ ಹುಬ್ಬಳ್ಳಿ, ಅಂಕೋಲಾ ಮೇಲೆ ದಾರಿ. ಸೆಮಿಸ್ಟರ್ ಪರೀಕ್ಷೆ ಮುಗಿದ ವಾರವೇ ನಾವು ನಾಲ್ವರು ಹೊರಡುತ್ತಿದ್ದೇವೆ, ನಕ್ಕ ಗೆಳೆಯನೂ ಸೇರಿ.