ಪರಿಹಾರ ಬಂದರೂ ತಳಿ ವಾಪಸ್ ಬರಲ್ಲ: ಕೇರಳದ ಬಾತುಕೋಳಿ ಸಾಕಣೆದಾರರ ಸಂಕಟವೇನು?

ಕೊಚ್ಚಿ/ತಿರುವನಂತಪುರಂ: ಕ್ರಿಸ್‌ಮಸ್, ಈಸ್ಟರ್ ಬಂತೆಂದರೆ ಕೇರಳದಲ್ಲಿ ಬಾತುಕೋಳಿಗೆ ಎಲ್ಲಿಲ್ಲದ ಬೇಡಿಕೆ. ಆದರೆ 2014ರಿಂದ ಪದೇ ಪದೇ ಕಾಡುತ್ತಿರುವ ಹಕ್ಕಿಜ್ವರ ಸಾಕಣೆದಾರರ ನಿದ್ದೆಗೆಡಿಸಿದೆ. 2024ರ ಏಪ್ರಿಲ್‌ನಲ್ಲಿ ಆಲಪ್ಪುಳದ ಎಡತ್ವಾ, ಚೆರುತನದಲ್ಲಿ ಸೋಂಕು ದೃಢಪಟ್ಟಿತು. ಮರು ತಿಂಗಳು ನಿರಣಂನ ಸರ್ಕಾರಿ ಬಾತುಕೋಳಿ ಫಾರ್ಮ್‌ಗೂ ತಗುಲಿತು. ಬಳಿಕ ಆಲಪ್ಪುಳ ಜಿಲ್ಲೆಯ ಜೊತೆಗೆ ಕೊಚ್ಚಿ ಇರುವ ಎರ್ನಾಕುಲಂನ ಕೆಲ ಭಾಗಗಳಲ್ಲೂ ಸಾಕಣೆಗೆ ತಾತ್ಕಾಲಿಕ ನಿರ್ಬಂಧ ಬಿತ್ತು.

ಸೋಂಕು ದೃಢಪಟ್ಟರೆ ಸುತ್ತಲಿನ ಒಂದು ಕಿ.ಮೀ. ವ್ಯಾಪ್ತಿಯ ಹಕ್ಕಿಗಳನ್ನೆಲ್ಲ ಕೊಲ್ಲಲಾಗುತ್ತದೆ. 2021ರಲ್ಲಿ ಕೇರಳ ಸರ್ಕಾರ ಎರಡು ತಿಂಗಳು ದಾಟಿದ ಹಕ್ಕಿಗೆ 200 ರೂ., ಮರಿಗೆ 100 ರೂ., ಮೊಟ್ಟೆಗೆ 5 ರೂ. ಪರಿಹಾರ ಘೋಷಿಸಿತ್ತು. ಹತ್ತಿಪ್ಪತ್ತು ಬಾತುಕೋಳಿ ಸಾಕುವ ಮನೆಗೆ ಹಣಕ್ಕಿಂತ ದೊಡ್ಡ ನಷ್ಟ ತಳಿಯದ್ದು. ಕುಟ್ಟನಾಡಿನ ಚಾರ, ಚೆಂಬಲ್ಲಿ ತಳಿಗಳು ಅಲ್ಲಿನ ಗದ್ದೆ, ಹಿನ್ನೀರಿಗೆ ಒಗ್ಗಿಕೊಂಡವು.

ಹಾಗಾದರೆ ಮತ್ತೆ ಹಿಂಡು ಕಟ್ಟುವುದು ಹೇಗೆ? ಮೊದಲ ತಪ್ಪು ಆಗುವುದು ಗಂಡಿನ ಆಯ್ಕೆಯಲ್ಲಿ. ಒಂದೇ ಹಿಂಡಿನ ಅಣ್ಣ-ತಂಗಿ ಕೂಡುತ್ತಾ ಹೋದರೆ ಮೊಟ್ಟೆ ಕಡಿಮೆಯಾಗಿ, ಮರಿಗಳು ಸೊರಗುತ್ತವೆ. ಹೀಗಾಗಿ ಬೇರೆ ಹಿಂಡಿನ ಗಂಡು ತರಬೇಕು. ಐದಾರು ಹೆಣ್ಣಿಗೆ ಒಂದು ಗಂಡು ಸಾಕು. ತಂದ ಹಕ್ಕಿಯನ್ನು ಕೂಡಲೇ ಹಿಂಡಿಗೆ ಬಿಡದೆ ಕೆಲ ವಾರ ಪ್ರತ್ಯೇಕವಾಗಿ ಇಟ್ಟು ನೋಡುವುದು ಕಡ್ಡಾಯ.

ಬಾತುಕೋಳಿ ಸಾಮಾನ್ಯವಾಗಿ ಬೆಳಗಿನ ಜಾವ ಮೊಟ್ಟೆಯಿಡುತ್ತದೆ. ತಡವಾಗಿ ಹೊರಗೆ ಬಿಟ್ಟರೆ ಮೊಟ್ಟೆ ಕೆಸರಿನ ಪಾಲಾಗುವುದಿಲ್ಲ. ಕಾವಿಗೆ ಕೊಳಕು ಮೊಟ್ಟೆ ಬೇಡ, ವಾರಕ್ಕಿಂತ ಹಳೆಯದೂ ಬೇಡ. ಕೋಳಿಮರಿ 21 ದಿನಕ್ಕೆ ಹೊರಬಂದರೆ ಬಾತುಮರಿಗೆ 28 ದಿನ ಬೇಕು. ಕಾವಿಗೆ ಕೂತ ಊರಕೋಳಿಯ ಕೆಳಗಿಟ್ಟು ಮರಿ ಮಾಡಿಸುವ ಪದ್ಧತಿ ನಮ್ಮ ಹಳ್ಳಿಗಳಿಗೂ ಹೊಸದೇನಲ್ಲ.

ಮೇವಿನ ವಿಚಾರದಲ್ಲಿ ಮಾತ್ರ ರಿಸ್ಕ್ ತೆಗೆದುಕೊಳ್ಳಬೇಡಿ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ, ಮೆಕ್ಕೆಜೋಳದಲ್ಲಿರುವ ಅಫ್ಲಾಟಾಕ್ಸಿನ್ ವಿಷವನ್ನು ಬಾತುಕೋಳಿ ಕೋಳಿಗಿಂತಲೂ ಕಡಿಮೆ ತಡೆದುಕೊಳ್ಳುತ್ತದೆ.

ಕೇರಳದಲ್ಲಿ ಅನುಮಾನದ ಸಾವು ಕಂಡರೆ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಬೇಕು. ತಿರುವನಂತಪುರಂ ಜಿಲ್ಲೆಯ ಪಾಲೋಡ್‌ನಲ್ಲಿ ರಾಜ್ಯದ ಪ್ರಾಣಿ ರೋಗ ಸಂಸ್ಥೆ ಇದೆ. ಹಕ್ಕಿಜ್ವರ ಹೌದೋ ಅಲ್ಲವೋ ಎಂದು ಅಂತಿಮವಾಗಿ ಹೇಳುವುದು ಭೋಪಾಲ್‌ನ ಪ್ರಯೋಗಾಲಯ. ಕರ್ನಾಟಕದಲ್ಲಿ ಬಾತುಕೋಳಿ ಸಾಕಬೇಕೆನ್ನುವವರು ಬೆಂಗಳೂರು ಸಮೀಪದ ಹೆಸರಘಟ್ಟದ ಕೇಂದ್ರೀಯ ಕುಕ್ಕುಟ ಅಭಿವೃದ್ಧಿ ಸಂಸ್ಥೆಯಲ್ಲಿ ವಿಚಾರಿಸಬಹುದು.